ಏನೂ ಆಗದ ದಿನಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಧರ್ಮದ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹಬ್ಬ, ಪವಾಡ, ಇಲ್ಲವೇ ಜಗಳವೇ ಜಾಸ್ತಿ. ಚರ್ಚಿನಲ್ಲೂ ಅಷ್ಟೇ, ಸಾಕ್ಷಿ ಹೇಳಿ, ಅಂದರೆ ದೇವರು ಮಾಡಿದ ಉಪಕಾರ ಎಲ್ಲರ ಮುಂದೆ ಹೇಳಿ ಅಂದಾಗ, ಕಾಯಿಲೆ ವಾಸಿಯಾದದ್ದು, ಕೆಲಸ ಸಿಕ್ಕಿದ್ದೇ ಬರುತ್ತದೆ. ತಪ್ಪಲ್ಲ ಬಿಡಿ. ಆದರೆ ಏನೂ ಆಗದ ದಿನ ದೇವರು ರಜೆ ಹಾಕಿರುತ್ತಾನಾ?

ಬೈಬಲಿನ ಪ್ರವಾದಿ ಎಲೀಯನನ್ನೇ ನೋಡಿ. ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವದೂತ ಉಪದೇಶ ಮಾಡಲಿಲ್ಲ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇತ್ತು. ಅವನು ತಿಂದು ಮತ್ತೆ ಮಲಗಿದ, ದೂತ ಅದಕ್ಕೂ ಬೈಯಲಿಲ್ಲ, ಎರಡನೇ ಸಲ ಬಂದು ತಟ್ಟಿ ಎಬ್ಬಿಸಿದ. ಎಲೀಯನ ಕತೆಯಲ್ಲಿ ಆಕಾಶದಿಂದ ಬೆಂಕಿ ಬಿದ್ದದ್ದಕ್ಕಿಂತ ಈ ಊಟ, ನಿದ್ದೆಯೇ ನನಗೆ ಹೆಚ್ಚು ಹಿಡಿಸುತ್ತದೆ.

17ನೇ ಶತಮಾನದಲ್ಲಿ ಪ್ಯಾರಿಸ್‌ನ ಮಠವೊಂದರ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಕೆಲಸ ಮಾಡುತ್ತಲೇ ದೇವರ ಜೊತೆ ಮಾತಾಡಿಕೊಂಡಿದ್ದರು. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ ಕಲಿಸಿದ, ಕಳೆದ ದಿನವನ್ನು ಹಿಂತಿರುಗಿ ನೋಡುವ ಪ್ರಾರ್ಥನೆ ಶುರುವಾಗುವುದೇ ಕೃತಜ್ಞತೆಯಿಂದ. ರಾತ್ರಿ ಸುಮ್ನೆ ಕೂತು ನೆನೆದರೆ ಸಾಕು, ಬಾಯಿಗೆ ಬಂದ ಚುಚ್ಚುಮಾತು ಯಾಕೋ ಅಲ್ಲೇ ನಿಂತದ್ದು, ಮುನಿಸಿಕೊಂಡಿದ್ದವರು ತಾವಾಗಿಯೇ ಮಾತಾಡಿಸಿದ್ದು ಎಲ್ಲ ಕಣ್ಣಿಗೆ ಬೀಳುತ್ತದೆ. ಕಾಕತಾಳೀಯ ಅನ್ನುವವರು ಅನ್ನಲಿ, ನಮಗೇನು ಬೇಜಾರಿಲ್ಲ.

ನಿಮ್ಮ ಧಾರ್ಮಿಕ ಅಂಕಣದಲ್ಲಿ ಇಂಥದ್ದನ್ನೂ ಆಗಾಗ ಹಾಕಿ. ಓದುಗರನ್ನೇ ಕೇಳಿದರೆ ಬೇಕಾದಷ್ಟು ಬರೆದು ಕಳಿಸುತ್ತಾರೆ, ಅಲ್ವಾ?

– ನಿಮ್ಮ ಓದುಗರೊಬ್ಬರು