ಮಗಳಿಗೊಂದು ಪತ್ರ: ಮದುವೆ ನಿಜವೆಂದು ತೋರಿಸುವ ಕಾಗದಗಳು

ಪ್ರೀತಿಯ ಪುಟ್ಟಿ,

ಆಸ್ಟ್ರೇಲಿಯಾದ 309/100 ವೀಸಾಕ್ಕೆಂದು (ಗಂಡ ಅಥವಾ ಹೆಂಡತಿಗೆ ಮೊದಲು ತಾತ್ಕಾಲಿಕವಾಗಿ, ಆಮೇಲೆ ಕಾಯಂ ಆಗಿ ಕೊಡುವ ಸಂಗಾತಿ ವೀಸಾ) ಮದುವೆ ಆಲ್ಬಮ್ಮು, ನೋಂದಣಿ ಪ್ರಮಾಣಪತ್ರ ಜೋಡಿಸಿಟ್ಟಿದ್ದೀಯ. ಅವು ಮದುವೆ ನಡೆದದ್ದಕ್ಕೆ ಸಾಕ್ಷಿ. ಆಮೇಲಿನ ತಿಂಗಳುಗಳಲ್ಲಿ ನೀವಿಬ್ಬರೂ ಹೇಗೆ ಬದುಕಿದಿರಿ ಎಂಬುದೇ ಅಧಿಕಾರಿಗೆ ಮುಖ್ಯ. ಸಂಬಂಧ ನಿಜವಾಗಿರಬೇಕು, ಮುಂದುವರಿಯುತ್ತಿರಬೇಕು, ಶಾಶ್ವತವಾಗಿ ಬೇರೆ ಬೇರೆ ಬದುಕುತ್ತಿರಬಾರದು ಎನ್ನುತ್ತದೆ ಅಲ್ಲಿನ ವಲಸೆ ಕಾಯ್ದೆ. ವೀಸಾ ಬರುವತನಕ ದೂರವಿರುವುದು ತಪ್ಪಲ್ಲ. ಆದರೆ ಆ ದೂರದ ತಿಂಗಳುಗಳು ಕಡತದಲ್ಲಿ ಖಾಲಿ ಇರಬಾರದು.

1994ರ ವಲಸೆ ನಿಯಮಗಳು ನಾಲ್ಕು ವಿಷಯ ನೋಡುತ್ತವೆ: ಹಣಕಾಸು, ಮನೆವಾರ್ತೆ, ಸಾಮಾಜಿಕ ಬದುಕು, ಪರಸ್ಪರ ಬದ್ಧತೆ.

ಹಣಕಾಸಿನಲ್ಲಿ ಜನ ಎಡವುವುದು ಹೆಚ್ಚು. ಅರ್ಜಿಗೆ ಮುಂಚಿನ ವಾರ ಜಂಟಿ ಖಾತೆ ತೆರೆದು ಒಂದು ದೊಡ್ಡ ಮೊತ್ತ ಹಾಕಿದರೆ, ಖಾತೆ ತೆರೆದದ್ದಷ್ಟೇ ಸಾಬೀತಾಗುತ್ತದೆ. ಚಿಕ್ಕದಾದರೂ ತಿಂಗಳು ತಿಂಗಳು ಹೋದ ಹಣಕ್ಕೆ ತೂಕ ಹೆಚ್ಚು. ಸ್ಟೇಟ್‌ಮೆಂಟಿನಲ್ಲಿ ಆ ಸಾಲುಗಳನ್ನು ಗುರುತು ಮಾಡಿ, ಬಾಡಿಗೆಗೋ ಆಸ್ಪತ್ರೆಗೋ ಪ್ರಯಾಣಕ್ಕೋ ಎಂದು ಬದಿಯಲ್ಲಿ ಬರೆ. ಇಬ್ಬರ ವಿಮೆ, ನಿನ್ನ ಪಿಎಫ್, ಅಳಿಯಂದಿರ ಸೂಪರ್‌ಆನ್ಯುಯೇಷನ್ (ಅಲ್ಲಿನ ನಿವೃತ್ತಿ ನಿಧಿ) ಇವುಗಳಲ್ಲಿ ನಾಮಿನಿ ಯಾರು ಎಂಬ ಕಾಗದ ತರಿಸಿಕೊ. ಮದುವೆಗೆ ಮುಂಚೆ ತುಂಬಿದ ನಾಮಿನಿ ಹೆಸರು ಹಾಗೇ ಉಳಿದಿರುವುದು ಸಾಮಾನ್ಯ, ಮೊದಲು ಅದನ್ನು ಬದಲಿಸಿ.

ಮನೆವಾರ್ತೆಗೆ ನೀವು ಜೊತೆಗಿದ್ದ ದಿನಗಳೇ ಆಧಾರ: ಬೋರ್ಡಿಂಗ್ ಪಾಸು, ಪಾಸ್‌ಪೋರ್ಟಿನ ಮುದ್ರೆಯ ಪುಟ, ಇಬ್ಬರ ಹೆಸರಿರುವ ಹೋಟೆಲ್ ಬಿಲ್ಲು, ಒಂದೇ ವಿಳಾಸಕ್ಕೆ ಬಂದ ಪತ್ರ. ಜೊತೆಗಿರದ ಅವಧಿಗೆ ಕಾರಣ ಬರೆದರೆ ಸಾಕು.

ಫೋಟೋಗಳು ಮಂಟಪದವೇ ಆಗಬಾರದು. ಬೇರೆ ಬೇರೆ ತಿಂಗಳಿನವು, ಬೀಗರೂ ನಾವೂ ಇರುವಂಥವು ಆರಿಸು. ಪ್ರತಿಯೊಂದರ ಕೆಳಗೆ ದಿನಾಂಕ, ಸ್ಥಳ, ಯಾರು ಯಾರು, ನಿನಗೇನಾಗಬೇಕು ಎಂದಿರಲಿ. ಪರಿಚಯದವರು ನಿಮ್ಮ ಸಂಬಂಧದ ಬಗ್ಗೆ ಸಾಕ್ಷಿ ಬರೆದುಕೊಡುವ ಫಾರ್ಮ್ 888ಕ್ಕೆ ನಿಮ್ಮಿಬ್ಬರನ್ನೂ ಬಲ್ಲ, 18 ತುಂಬಿದ ಇಬ್ಬರಾದರೂ ಬೇಕು. ‘ಒಳ್ಳೆಯ ಜೋಡಿ’ ಎಂಬ ಹೊಗಳಿಕೆಯಿಂದ ಪ್ರಯೋಜನವಿಲ್ಲ. ಎಲ್ಲಿ ನೋಡಿದರು, ಏನು ನೋಡಿ ನಂಬಿದರು ಎಂದು ಅವರವರ ಮಾತಿನಲ್ಲೇ ಬರೆಯಲಿ. ಇಬ್ಬರ ಬರಹದಲ್ಲೂ ಒಂದೇ ವಾಕ್ಯ ಕಂಡರೆ ಯಾರೋ ಬರೆದುಕೊಟ್ಟದ್ದೆಂಬ ಅನುಮಾನ ಏಳುತ್ತದೆ.

ವಾಟ್ಸಾಪ್ ಮಾತುಕತೆಯನ್ನು ಇಡಿಯಾಗಿ ಸುರಿಯಬೇಡ. ಸಾವಿರ ಪುಟ ಯಾರೂ ಓದುವುದಿಲ್ಲ. ತಿಂಗಳಿಗೆ ಎರಡು ಮೂರು ದಿನದ್ದು ಸಾಕು: ಮನೆ ಹುಡುಕಿದ್ದು, ಜ್ವರ ಬಂದದ್ದು, ದುಡ್ಡಿನ ಲೆಕ್ಕ, ಮುನಿಸು ಕೂಡ. ಸ್ಕ್ರೀನ್‌ಶಾಟಿನಲ್ಲಿ ಹೆಸರು ಮತ್ತು ದಿನಾಂಕ ಕಾಣಲೇಬೇಕು. ಕರೆಗಳ ಪಟ್ಟಿಯಲ್ಲಿ ಎಷ್ಟು ಹೊತ್ತು ಮಾತಾಡಿದಿರಿ ಎಂಬುದೂ ಇರಲಿ. ಕನ್ನಡದ ಮಾತು ಇಂಗ್ಲಿಷ್ ಅಕ್ಷರದಲ್ಲಿದ್ದರೂ ಅನುವಾದ ಬೇಕು, ಲಗ್ನಪತ್ರಿಕೆಗೂ ಅಷ್ಟೇ. ಭಾರತದಲ್ಲಿ ಅನುವಾದ ಮಾಡಿಸಿದರೆ ಅನುವಾದಕರ ಹೆಸರು, ವಿಳಾಸ, ಫೋನು, ವಿದ್ಯಾರ್ಹತೆ, ಅನುಭವ ಇಂಗ್ಲಿಷಿನಲ್ಲಿ ಇರಬೇಕು.

ಇಬ್ಬರೂ ಬರೆಯುವ ಸಂಬಂಧದ ಹೇಳಿಕೆಗೆ ಹೆಚ್ಚು ಸಮಯ ಕೊಡು. ಮನೆಯವರು ಗೊತ್ತುಮಾಡಿದ ಮದುವೆ ಎಂದು ಮುಚ್ಚಿಡಬೇಕಿಲ್ಲ. ಯಾರ ಮೂಲಕ ಪ್ರಸ್ತಾಪ ಬಂತು, ಮೊದಲು ಎಂದು ಮಾತಾಡಿದಿರಿ, ಒಪ್ಪಿದ್ದೇಕೆ, ನಿಶ್ಚಿತಾರ್ಥ ಎಂದು, ಮುಂದೆ ಎಲ್ಲಿ ನೆಲೆಸುತ್ತೀರಿ ಎಂದು ವಿವರಿಸು. ನಮ್ಮ ಪದ್ಧತಿ ಗೊತ್ತಿಲ್ಲದವರು ಓದಿದರೂ ಅರ್ಥವಾಗಬೇಕು. ಮೊದಲು ಬೇರೆ ಬೇರೆಯಾಗಿ ಬರೆಯಿರಿ, ಆಮೇಲೆ ದಿನಾಂಕಗಳನ್ನು ಪಾಸ್‌ಪೋರ್ಟ್, ಟಿಕೆಟ್‌ಗಳ ಜೊತೆ ತಾಳೆ ನೋಡಿ. ನೆನಪಿಲ್ಲದ ದಿನಕ್ಕೆ ತಿಂಗಳು ಬರೆದರೆ ಸಾಕು, ಊಹಿಸಿ ತುಂಬಬೇಡ. ಹಿಂದೆ ಪ್ರವಾಸಿ ವೀಸಾಕ್ಕೆ ಕೊಟ್ಟ ಉತ್ತರಗಳನ್ನೂ ತೆಗೆದು ನೋಡು. ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಬಂದರೆ ಪ್ರಶ್ನೆ ಏಳುತ್ತದೆ, ಕಾರಣವಿದ್ದರೆ ನೀನೇ ಮುಂಚಿತವಾಗಿ ಬರೆ. ಸುಳ್ಳು ಮಾಹಿತಿ ಅಥವಾ ನಕಲಿ ದಾಖಲೆ ಎಂದು ತೀರ್ಮಾನವಾದರೆ 4020 ಎಂಬ ನಿಯಮದಡಿ ಅರ್ಜಿ ತಿರಸ್ಕೃತವಾಗಿ, ಮೂರು ವರ್ಷ ಬಾಗಿಲು ಮುಚ್ಚಬಹುದು.

ಅರ್ಜಿ ಸಲ್ಲಿಸುವ ಆನ್‌ಲೈನ್ ಖಾತೆಯಾದ ಇಮ್ಮಿಅಕೌಂಟಿನಲ್ಲಿ ಒಂದು ಫೈಲು 5 ಎಂಬಿ ದಾಟುವಂತಿಲ್ಲ. ಒಂದೊಂದು ವಿಷಯಕ್ಕೂ ಕಾಗದಗಳನ್ನು ಕಾಲಕ್ರಮದಲ್ಲಿ ಒಂದೇ ಪಿಡಿಎಫ್ ಮಾಡಿ, ಒಳಗೇನಿದೆ ಎಂದು ತಿಳಿಯುವ ಹೆಸರಿಡು. ಅರ್ಜಿ ಸಲ್ಲಿಸಿದ ಮೇಲೂ ಕೂಡಿಡುವುದನ್ನು ನಿಲ್ಲಿಸಬೇಡ. ಕಾಯಂ ವೀಸಾದ ಪರಿಶೀಲನೆ ಸಾಮಾನ್ಯವಾಗಿ ಅರ್ಜಿ ಹಾಕಿ ಎರಡು ವರ್ಷಕ್ಕೆ ಬರುತ್ತದೆ, ಆಗ ಹೊಸ ಪುರಾವೆ ಕೇಳುತ್ತಾರೆ. ನಾಮಿನಿ ಬದಲಾವಣೆಗೆ ದಿನ ಹಿಡಿಯುವುದರಿಂದ ಅಳಿಯಂದಿರಿಗೆ ಈ ವಾರವೇ ಹೇಳು.

ಇಂತಿ,
ನಿನ್ನ ಅಪ್ಪ