ಮಗಳಿಗೊಂದು ಪತ್ರ: ಪೆಟ್ರೋಲೋ ಡೀಸೆಲ್ಲೋ

ಹಾಸನ
ನವೆಂಬರ್ 2025

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ನೋವು ಈಗ ಪರವಾಗಿಲ್ಲ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಕೊಟೇಶನ್ ಎರಡನ್ನೂ ನೋಡಿದೆ. ಏಳು ಸೀಟಿನ ಗಾಡಿ ತಗೊಳ್ಳುವುದು ಸರಿಯೇ. ಬೀಗರಿಬ್ಬರೂ ನಿಮ್ಮ ಜೊತೆಗೇ ಇದ್ದಾರೆ, ಮಕ್ಕಳು ಬೆಳೆಯುತ್ತಿದ್ದಾರೆ. ಐದು ಸೀಟಿನಲ್ಲಿ ಪುತ್ತೂರಿನವರೆಗೆ ಒತ್ತಿಕೊಂಡು ಹೋಗುವುದು ಯಾರಿಗೂ ಸುಖವಲ್ಲ. ಆದರೆ ಪೆಟ್ರೋಲ್ ತಗೊಳ್ಳೋದಾ ಡೀಸೆಲ್ ತಗೊಳ್ಳೋದಾ ಅಂತ ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ನಿನಗೆ ಪೆಟ್ರೋಲ್ ಸಾಕು. ಡೀಸೆಲ್ ಬೇಡ.

ನಿನಗೆ ಆಶ್ಚರ್ಯ ಆಗಬಹುದು. ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟಿಯೇ ನಿಮ್ಮನ್ನು ಓದಿಸಿದವನು ನಾನು. ಅದರ ಮೇಲೆ ನನಗಿರುವ ಗೌರವ ಒಂದು ಚೂರೂ ಕಮ್ಮಿಯಾಗಿಲ್ಲ. ಒಂದು ಲೀಟರಿನಲ್ಲಿ ಡೀಸೆಲ್‌ಗೆ ಪೆಟ್ರೋಲಿಗಿಂತ ಶಕ್ತಿ ಜಾಸ್ತಿ. ಸ್ಪಾರ್ಕ್ ಪ್ಲಗ್ ಇಲ್ಲದೆ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುವ ಹಾಗೆ ಮಾಡಿರುವ ಎಂಜಿನ್ ಅದು. ಅದಕ್ಕೇ ಅಷ್ಟು ಮೈಲೇಜು, ಅದಕ್ಕೇ ಎಂಜಿನ್ ನಿಧಾನವಾಗಿ ತಿರುಗುವಾಗಲೂ ಅಷ್ಟು ಎಳೆತ. ಇದೆಲ್ಲ ನಿಜ. ಆದರೆ ಗಾಡಿ ದಿನಾ ಎಲ್ಲಿ ಓಡುತ್ತದೆ ಅಂತ ನೋಡಿ ಎಂಜಿನ್ ಆರಿಸಬೇಕು. ನೀನು ಪುತ್ತೂರಿನ ದಾರಿ ನೆನೆದು ಡೀಸೆಲ್ ಅನ್ನುತ್ತಿದ್ದೀಯ. ಪುತ್ತೂರಿಗೆ ಹೋಗುವುದು ಎರಡು ತಿಂಗಳಿಗೊಮ್ಮೆ. ಉಳಿದ ದಿನ ನಿನ್ನ ಗಾಡಿ ಬೆಂಗಳೂರಿನ ವಿಜಯನಗರದಿಂದ ಮಕ್ಕಳ ಸ್ಕೂಲಿಗೆ, ಅಲ್ಲಿಂದ ಆಫೀಸಿಗೆ, ಸಂಜೆ ವಾಪಸ್. ಅಷ್ಟೇ ಅಲ್ವಾ?

ಈಗ ದುಡ್ಡಿನ ಲೆಕ್ಕ. ಜನ ಇನ್ನೂ ಹಳೇ ಕಾಲದ ಲೆಕ್ಕ ತಲೆಯಲ್ಲಿಟ್ಟುಕೊಂಡಿದ್ದಾರೆ. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ಇದ್ದರೆ ಡೀಸೆಲ್ 41 ರೂಪಾಯಿ ಇತ್ತು. 30 ರೂಪಾಯಿಗೂ ಹೆಚ್ಚು ಅಂತರ. ಆಗ ಕಣ್ಣು ಮುಚ್ಚಿಕೊಂಡು ಡೀಸೆಲ್ ತಗೊಂಡರೂ ನಷ್ಟವಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಈಗ ಬೆಂಗಳೂರಿನಲ್ಲಿ ಪೆಟ್ರೋಲ್ ಹತ್ತಿರ ಹತ್ತಿರ 103, ಡೀಸೆಲ್ 91. ಅಂತರ 12 ರೂಪಾಯಿಗೆ ಇಳಿದಿದೆ.

ನಿನ್ನ ಓಡಾಟ, ಊರಿನ ಪ್ರಯಾಣ ಎಲ್ಲ ಸೇರಿಸಿದರೂ ವರ್ಷಕ್ಕೆ 8,000 ಕಿಲೋಮೀಟರ್ ದಾಟುವುದು ಕಷ್ಟ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ ಪೆಟ್ರೋಲ್ ಗಾಡಿ 11, ಡೀಸೆಲ್ ಗಾಡಿ 15 ಕಿಲೋಮೀಟರ್ ಕೊಡುತ್ತದೆ ಅಂತ ಇಟ್ಟುಕೊ. ಕಂಪನಿಯವರು ಬರೆದಿರುವ ಮೈಲೇಜು ನಂಬಿಕೊಂಡು ಲೆಕ್ಕ ಹಾಕಬೇಡ, ಅದು ಪರೀಕ್ಷೆಯ ಕೋಣೆಯಲ್ಲಿ ಬಂದದ್ದು. ಹೀಗೆ ನೋಡಿದರೆ ಪೆಟ್ರೋಲಿಗೆ ವರ್ಷಕ್ಕೆ 75,000 ರೂಪಾಯಿ, ಡೀಸೆಲಿಗೆ 48,500. ಉಳಿತಾಯ ಸುಮಾರು 26,000. ನಿನ್ನ ಕೊಟೇಶನ್‌ನಲ್ಲಿ ಮಾಮೂಲಿ ಪೆಟ್ರೋಲಿಗೂ ಡೀಸೆಲಿಗೂ ಆನ್‌ರೋಡ್ ಅಂತರ, ಅಂದರೆ ಟ್ಯಾಕ್ಸ್ ಇನ್ಶೂರೆನ್ಸ್ ಎಲ್ಲ ಸೇರಿದ ಬೆಲೆಯ ಅಂತರ, ಎರಡು ಲಕ್ಷದ ಮೇಲಿದೆ. ನಮ್ಮ ರಾಜ್ಯದಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ, ಗಾಡಿ ಬೆಲೆ ಏರಿದಷ್ಟೂ ಅದೂ ಏರುತ್ತದೆ. ಕೊಟ್ಟ ಆ ಹೆಚ್ಚಿನ ದುಡ್ಡು ವಾಪಸ್ ಬರಲು ಎಂಟು ವರ್ಷ ಬೇಕು. ಸಾಲದ ಬಡ್ಡಿ ಸೇರಿಸಿದರೆ ಇನ್ನೂ ಮುಂದಕ್ಕೆ.

ನಿನ್ನ ಚಿಕ್ಕಪ್ಪನ ವಿಷಯ ಬೇರೆ. ಅವನು ದಿನಾ ಸಕಲೇಶಪುರದಿಂದ ಹಾಸನಕ್ಕೆ ಬಂದು ಹೋಗುತ್ತಾನೆ. ವರ್ಷಕ್ಕೆ 24,000 ಕಿಲೋಮೀಟರ್ ಆಗುತ್ತದೆ. ಇದೇ ಲೆಕ್ಕ ಹಾಕಿದರೆ ಅವನಿಗೆ ವರ್ಷಕ್ಕೆ ಎಪ್ಪತ್ತೆಂಟು ಎಪ್ಪತ್ತೊಂಬತ್ತು ಸಾವಿರ ಉಳಿಯುತ್ತದೆ, ಮೂರು ವರ್ಷದಲ್ಲಿ ಹಾಕಿದ ದುಡ್ಡು ಬಂತು. ಅವನು ಕೇಳಿದಾಗ ಡೀಸೆಲ್ ತಗೊ ಅಂತ ನಾನೇ ಹೇಳಿದ್ದೆ. ಅವನಿಗೆ ಹೇಳಿದ್ದನ್ನೇ ನಿನಗೂ ಹೇಳಲು ಆಗುವುದಿಲ್ಲ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಗಾಡಿ ಹೊಗೆ ಮಿತಿಯ ಬಿಎಸ್ 6 ನಿಯಮ ಬಂತು. ಮಾರುತಿಯವರು ಆ ಹೊತ್ತಿಗೆ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ಅವರ ಏಳು ಸೀಟಿನ ಎರ್ಟಿಗಾದಲ್ಲಿ ಡೀಸೆಲ್ ಸಿಗದಿರುವುದು ಅದಕ್ಕೇ. ಡೀಸೆಲ್ ಮುಂದುವರಿಸಿದವರು ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಹಾಕಿದರು. ಹೊಗೆಯಲ್ಲಿರುವ ಮಸಿಯನ್ನು ಅದು ಟೀ ಸೋಸುವ ಜರಡಿಯ ಹಾಗೆ ಹಿಡಿದಿಡುತ್ತದೆ. ಹಿಡಿದದ್ದನ್ನು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಫಿಲ್ಟರ್ ಒಳಗೆ 600 ಡಿಗ್ರಿಯ ಆಸುಪಾಸು ಬಿಸಿ ಬೇಕು. ಹೈವೇಯಲ್ಲಿ ಒಂದೇ ಸಮ ಓಡಿದರೆ ಆ ಕೆಲಸ ಸಲೀಸಾಗಿ ಮುಗಿಯುತ್ತದೆ. ಚಿಕ್ಕಪ್ಪನ ಗಾಡಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ನಾಲ್ಕು ಕಿಲೋಮೀಟರ್ ಸ್ಕೂಲ್, ಸಿಗ್ನಲ್‌ನಲ್ಲಿ ನಿಂತು ನಿಂತು ಹೋಗುವ ಗಾಡಿ ಇರುತ್ತದಲ್ಲ, ಅದರ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್ ಆಗಿರುತ್ತದೆ. ಮಸಿ ಸೇರುತ್ತಾ ಹೋಗುತ್ತದೆ. ಸುಡಲು ಶುರು ಮಾಡಿದ್ದು ಅರ್ಧಕ್ಕೇ ನಿಲ್ಲುತ್ತದೆ. ಸುಡಲಿಕ್ಕೆ ಅಂತ ಹೆಚ್ಚಿಗೆ ಚಿಮ್ಮಿಸಿದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳ್ಳಗಾಗಿಸುತ್ತದೆ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆ ದೀಪ ನೋಡಿಯೂ ಸುಮ್ನೆ ಓಡಿಸಿದರೆ ಗಾಡಿ ಪಿಕಪ್ ಕಳೆದುಕೊಳ್ಳುತ್ತದೆ, ಕೊನೆಗೆ ಫಿಲ್ಟರನ್ನೇ ಬದಲಿಸಬೇಕಾಗಬಹುದು. ಅದು ದೊಡ್ಡ ಖರ್ಚು.

ದೀಪ ಹತ್ತಿದಾಗ ತುಮಕೂರು ರಸ್ತೆಗೆ ಹೋಗಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿಕೊಂಡು ಬಾ ಅಂತ ಹೇಳುವವರಿದ್ದಾರೆ. ಉಪಾಯವೇನೋ ಸರಿಯೇ. ಆದರೆ ಕೆಲಸ, ಮಕ್ಕಳು, ಮನೆ ಅಂತ ಇರುವ ನೀನು ಗಾಡಿಯ ಫಿಲ್ಟರಿಗೋಸ್ಕರ ಟೈಮ್ ಮಾಡಿಕೊಂಡು ಟ್ರಾಫಿಕ್ ದಾಟಿ ಹೈವೇಗೆ ಹೋಗಬೇಕಾ? ನನಗಂತೂ ಅದು ಇಷ್ಟವಿಲ್ಲ.

ಇನ್ನು ಕೆಲವು ಕಡೆ ಆ ಫಿಲ್ಟರನ್ನೇ ತೆಗೆದು ಖಾಲಿ ಪೈಪ್ ಹಾಕಿಕೊಡುತ್ತಾರೆ. ಯಾರು ಹೇಳಿದರೂ ಒಪ್ಪಬೇಡ. ಅದು ಕಾನೂನಿಗೆ ವಿರುದ್ಧ, ಆ ಮಾತು ಒಂದು ಕಡೆ ಇರಲಿ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಖಚಿತವಾಗಿ ಹೇಳಿದೆ. ಸ್ಕೂಲ್ ಗೇಟಿನ ಮುಂದೆ ಸಾಲಾಗಿ ನಿಂತ ಗಾಡಿಗಳ ಸೈಲೆನ್ಸರ್ ಎಷ್ಟು ಎತ್ತರದಲ್ಲಿರುತ್ತದೆ ಅಂತ ಒಂದು ಸಲ ನೋಡು. ಅದು ಮಕ್ಕಳ ಮುಖಕ್ಕೇ ಹತ್ತಿರ. ಆ ಹೊಗೆಯಲ್ಲೇ ದುಡಿದ ನನ್ನಂಥವನಿಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಪುತ್ತೂರಿನ ದಾರಿಯ ಶಿರಾಡಿ ಘಾಟಿಯ ವಿಷಯ ಕೇಳಿದ್ದೀಯ. ಏಳು ಜನ ಕೂತು, ಎಸಿ ಹಾಕಿಕೊಂಡು, ಗುಂಡ್ಯದಿಂದ ಮೇಲೆ ಹತ್ತುವಾಗ ಪೆಟ್ರೋಲ್ ಎಳೆಯುತ್ತದಾ ಅಂತ. ಎಳೆಯುತ್ತದೆ. ನೀನು ನೋಡಿರುವ ಕಿಯಾ ಕಾರೆನ್ಸ್ ಕ್ಲಾವಿಸ್‌ನಲ್ಲಿ ಮಾಮೂಲಿ ಪೆಟ್ರೋಲ್ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 144 ನ್ಯೂಟನ್ ಮೀಟರ್, ಡೀಸೆಲ್ಲಿನದು 250. ಅಂತರ ಇದ್ದೇ ಇದೆ. ಮುಂದೆ ಲಾರಿ ಸಿಕ್ಕಾಗ ಎರಡನೇ ಗೇರಿಗೆ ಇಳಿಸಬೇಕು, ಎಂಜಿನ್ ಸದ್ದು ಮಾಡುತ್ತದೆ, ಓವರ್‌ಟೇಕಿಗೆ ಕಾಯಬೇಕು. ಕಾದರೆ ಏನೂ ಆಗುವುದಿಲ್ಲ. ಆ ತಿರುವುಗಳಲ್ಲಿ ನೀನು ಓವರ್‌ಟೇಕ್ ಮಾಡದಿದ್ದರೇ ನನಗೆ ನೆಮ್ಮದಿ. ಇಳಿಯುವಾಗ ಮಾತ್ರ ಯಾವ ಎಂಜಿನ್ ಆದರೂ ಸರಿ, ಹತ್ತಲು ಯಾವ ಗೇರ್ ಬೇಕಾಗುತ್ತದೋ ಅದರಲ್ಲೇ ಇಳಿ. ನ್ಯೂಟ್ರಲ್ ಬೇಡವೇ ಬೇಡ.

ಅಳಿಯಂದಿರಿಗೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಪೆಟ್ರೋಲ್ ಮೇಲೆ ಮನಸ್ಸಿದೆ ಅಂದೆ. ಅದರ ಟಾರ್ಕ್ 253, ಅಂದರೆ ಡೀಸೆಲ್ಲಿಗೆ ಸಮಸಮ. ಡೀಸೆಲ್ ಮಾತ್ರ ಎಳೆಯುತ್ತದೆ ಅನ್ನುವ ಮಾತು ಇಲ್ಲಿಗೆ ಮುಗಿಯಿತು. ಆದರೆ ಟರ್ಬೊ ತಗೊಂಡರೆ ಬೆಲೆಯೂ ಏರುತ್ತದೆ, ಕಾಲು ಒತ್ತಿದಷ್ಟೂ ಪೆಟ್ರೋಲ್ ಕುಡಿಯುತ್ತದೆ. ಆಗ ದುಡ್ಡಿನ ಲೆಕ್ಕದಲ್ಲಿ ಡೀಸೆಲ್ಲೇ ಮೇಲು ಅನ್ನಬೇಕಾಗುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆಗಲೂ ಆ ಫಿಲ್ಟರಿನ ಕಾರಣಕ್ಕೆ ನಿನ್ನ ಓಡಾಟಕ್ಕೆ ಡೀಸೆಲ್ ಬೇಡ ಅನ್ನುತ್ತೇನೆ. ಅವರಿಗೆ ಓಡಿಸುವ ಸಂತೋಷ ಬೇಕಿದ್ದರೆ ಟರ್ಬೊ ತಗೊಳ್ಳಲಿ, ಉಳಿತಾಯಕ್ಕೆ ಅಂತ ಅಲ್ಲ.

ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಭಾಗ ಎಥೆನಾಲ್ ಬರುತ್ತಿದೆ. ಎಥೆನಾಲ್‌ಗೆ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜು ಸ್ವಲ್ಪ ಬೀಳುತ್ತದೆ. ನಾನು 11 ಅಂತ ಹಿಡಿದದ್ದು ಅದನ್ನೂ ಸೇರಿಸಿಯೇ. ಹೊಸ ಗಾಡಿಗಳ ಪೈಪು, ರಬ್ಬರು ಅದಕ್ಕೆ ಹೊಂದುವ ಹಾಗೆಯೇ ಬರುತ್ತವೆ, ಹೆದರಬೇಡ. ಸಿಎನ್‌ಜಿ ನಿನಗೆ ಆಗದು. ಗ್ಯಾಸ್ ಸಿಲಿಂಡರ್ ಡಿಕ್ಕಿಯಲ್ಲಿರುವುದರಿಂದ ಹಿಂದಿನ ಸೀಟಿನಲ್ಲೂ ಜನ ಕೂತರೆ ಬ್ಯಾಗ್ ಇಡಲು ಜಾಗವಿರುವುದಿಲ್ಲ. ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ನಿನ್ನ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ ಗಾಡಿ, ಬ್ರೇಕ್ ಹಿಡಿದಾಗೆಲ್ಲ ಬ್ಯಾಟರಿ ಚಾರ್ಜ್ ಆಗುತ್ತದೆ. ಆದರೆ ಆನ್‌ರೋಡ್ 30 ಲಕ್ಷ ದಾಟುತ್ತದೆ. ಅಷ್ಟು ಸಾಲ ನಿನ್ನ ತಲೆಯ ಮೇಲೆ ಇರುವುದು ನನಗೆ ಬೇಡ.

ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಗುಜರಿಗೆ ಅನ್ನುವುದು ದೆಹಲಿ ಸುತ್ತಮುತ್ತ ಇದ್ದ ನಿಯಮ, 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಡಿಲ ಮಾಡಿದೆ. ಕರ್ನಾಟಕಕ್ಕೆ ಅದಿಲ್ಲ. ಅಳಿಯಂದಿರಿಗೆ ದೆಹಲಿ ಪಕ್ಕದ ಗುರುಗ್ರಾಮಕ್ಕೆ ವರ್ಗ ಆಗುವ ಮಾತಿದೆಯಲ್ಲ, ಹಾಗೇನಾದರೂ ಆಗಿ ಅಲ್ಲಿ ನಿಯಮ ಮತ್ತೆ ಬಿಗಿಯಾದರೆ ಪೆಟ್ರೋಲ್ ಇದ್ದವರಿಗೇ ಕಷ್ಟ ಕಮ್ಮಿ.

ಅಡ್ವಾನ್ಸ್ ಇನ್ನೂ ಕೊಡಬೇಡ. ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಟೆಸ್ಟ್ ಡ್ರೈವ್‌ಗೆ ಇಬ್ಬರೇ ಹೋಗುವುದು ಬೇಡ, ಬೀಗರು, ಮಕ್ಕಳು ಎಲ್ಲರೂ ಬರಲಿ. ಮಾಮೂಲಿ ಪೆಟ್ರೋಲ್ ಗಾಡಿಯನ್ನೇ ಕೇಳಿ ಇಡು, ಶೋರೂಮಿನವರು ಟರ್ಬೊ ಕೊಟ್ಟು ಕಳಿಸುವುದುಂಟು. ಎಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿ, ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನ ಮಧ್ಯೆ ನಿಲ್ಲಿಸಿ ಮತ್ತೆ ಎತ್ತಿ ನೋಡೋಣ. ನಿಮ್ಮ ಅತ್ತೆಯವರಿಗೆ ಹತ್ತಿ ಇಳಿಯಲು ಸಲೀಸಾ ಅಂತಲೂ ಅಲ್ಲೇ ಗೊತ್ತಾಗುತ್ತದೆ. ಇನ್ಶೂರೆನ್ಸ್, ಎಕ್ಸ್‌ಟೆಂಡೆಡ್ ವಾರಂಟಿ ಬೇರೆ ಬೇರೆ ಬರೆದ ಕೊಟೇಶನ್ ಕೇಳಿ ಇಟ್ಟುಕೊಂಡಿರು, ಕೂತು ನೋಡೋಣ.

ಅಮ್ಮ ಚಕ್ಕುಲಿ ಕಳಿಸುತ್ತಾಳಂತೆ. ಮಕ್ಕಳಿಗೆ ಬೇರೆ ಏನು ಬೇಕು ಅಂತ ಗುರುವಾರದೊಳಗೆ ಫೋನ್ ಮಾಡಿ ಹೇಳು.

ನಿನ್ನ,
ಅಪ್ಪ