ಲ್ಯಾಪ್‌ಟಾಪ್ ಇ-ಸಿಮ್‌ಗೆ ಇನ್ನು ಮುಂದೆ ಮೊದಲು ಇಐಡಿ ನಂಬರ್

ಪ್ರಿಯ ಗ್ರಾಹಕರೇ,

ಲ್ಯಾಪ್‌ಟಾಪ್‌ಗೆ ಡೇಟಾ ಪ್ಲಾನ್ ಕೊಡುವ ಕ್ರಮವನ್ನು ಸ್ವಲ್ಪ ಬದಲಾಯಿಸಿದ್ದೇವೆ. ಬರುವ ತಿಂಗಳ ಒಂದನೇ ತಾರೀಖಿನಿಂದ, ನಿಮ್ಮ ಲ್ಯಾಪ್‌ಟಾಪಿನ ಇಐಡಿ ನಂಬರ್ (ಒಳಗಿನ ಇ-ಸಿಮ್ ಚಿಪ್‌ನ ಗುರುತಿನ ಸಂಖ್ಯೆ) ನಮ್ಮ ಕೈ ಸೇರಿದ ಮೇಲೆಯೇ ಇ-ಸಿಮ್‌ನ, ಅಂದರೆ ಪ್ಲಾಸ್ಟಿಕ್ ಕಾರ್ಡ್ ಇಲ್ಲದ ಸಿಮ್‌ನ, ಕ್ಯೂಆರ್ ಕೋಡ್ ಕಳಿಸುತ್ತೇವೆ. ಇಷ್ಟು ದಿನ ಮಾಡೆಲ್ ಹೆಸರು ಹೇಳಿದರೆ ಸಾಕಿತ್ತು. ಇನ್ನು ಸಾಲದು.

ಯಾಕೆ ಅಂದರೆ, ಮಾಡೆಲ್ ಹೆಸರು ನಂಬಿ ಕೂರುವ ಹಾಗಿಲ್ಲ. ಒಂದೇ ಹೆಸರು, ಒಂದೇ ಪ್ರೊಸೆಸರ್, ನೋಡಲೂ ಒಂದೇ ಥರ ಇರುವ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದಕ್ಕೆ ಸೆಲ್ಯುಲಾರ್ ಮೋಡೆಮ್ (ಮೊಬೈಲ್ ನೆಟ್‌ವರ್ಕ್ ಹಿಡಿಯುವ ಭಾಗ) ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಎಷ್ಟೋ ಕಂಪನಿಗಳು ಮೋಡೆಮ್‌ಗೆ ಬೇರೆ ದುಡ್ಡು ತೆಗೆದುಕೊಳ್ಳುತ್ತವೆ, ಕೇಳಿದವರಿಗೆ ಮಾತ್ರ ಹಾಕಿಕೊಡುತ್ತವೆ. ಪಕ್ಕದಲ್ಲಿ ಸಿಮ್ ಟ್ರೇ ಕಂಡಿತು ಅಂತ ಖುಷಿಪಡಲೂ ಬೇಡಿ. ಕೆಲವದರಲ್ಲಿ ಟ್ರೇ ಇರುತ್ತದೆ, ಒಳಗೆ ಮೋಡೆಮ್ ಕಾರ್ಡ್ ಕೂರುವ ಸ್ಲಾಟ್ ಖಾಲಿ. ‘ಡಬ್ಲ್ಯುವಾನ್ ರೆಡಿ’ (ಮೊಬೈಲ್ ನೆಟ್‌ವರ್ಕ್‌ಗೆ ಸಿದ್ಧ) ಅಂತ ಮಾರುವ ಲ್ಯಾಪ್‌ಟಾಪ್‌ಗಳ ಕಥೆಯೂ ಸಾಮಾನ್ಯವಾಗಿ ಇದೇ: ಆಂಟೆನಾ ವೈರ್ ಎಳೆದಿರುತ್ತಾರೆ, ಮೋಡೆಮ್ ಹಾಕಿರುವುದಿಲ್ಲ.

ಇನ್ನೊಂದು ತೊಂದರೆ ಕೋಡ್‌ನದ್ದು. ಅದು ಒಂದು ಸಲಕ್ಕೆ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಆಗಲಿಲ್ಲ ಅಂತ ಸುಮ್ನೆ ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿದರೆ, ಪ್ರೊಫೈಲ್ (ನಿಮ್ಮ ಸಿಮ್‌ನ ಮಾಹಿತಿ) ಫೋನಿಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಆಮೇಲೆ ಅದನ್ನು ರದ್ದು ಮಾಡಿ ಹೊಸ ಕೋಡ್ ತೆಗೆಸಬೇಕು. ಮೊದಲೇ ನೋಡಿಕೊಂಡರೆ ಇಬ್ಬರಿಗೂ ತಲೆನೋವು ಇಲ್ಲ, ಅಲ್ವಾ?

ನೋಡುವುದು ಕಷ್ಟವೇನಲ್ಲ. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್ ತೆರೆದು ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ಗೆ ಹೋಗಿ. ಅಲ್ಲಿ ‘ಸೆಲ್ಯುಲಾರ್’ ಅಂತ ಒಂದು ಸಾಲು ಇದೆಯಾ? ಇದ್ದರೆ ಮೋಡೆಮ್ ಇದೆ. ಅದನ್ನು ಒತ್ತಿ ಕೆಳಗೆ ಬನ್ನಿ. ಇ-ಸಿಮ್ ಪ್ರೊಫೈಲ್‌ಗಳ ಲಿಂಕ್ ಕಂಡರೆ ಕೆಲಸ ಮುಗಿಯಿತು, ನಿಮ್ಮದರಲ್ಲಿ ಇ-ಸಿಮ್ ಇದೆ. ಕಾಣದಿದ್ದರೆ ಆಸೆ ಬಿಡಬೇಡಿ. ಪ್ಲಾಸ್ಟಿಕ್ ಸಿಮ್ಮೂ ಇ-ಸಿಮ್ಮೂ ಎರಡೂ ಇರುವ ಲ್ಯಾಪ್‌ಟಾಪ್‌ಗಳಲ್ಲಿ, ಡೇಟಾಗೆ ಯಾವ ಸಿಮ್ ಅಂತ ಕೇಳುವ ಆಯ್ಕೆ ಮೇಲ್ಗಡೆ ಇರುತ್ತದೆ. ಅದನ್ನು ಇನ್ನೊಂದು ಸಿಮ್‌ಗೆ ಬದಲಾಯಿಸಿದ ಮೇಲೆ ಲಿಂಕ್ ಕಾಣಿಸಿಕೊಳ್ಳಬಹುದು. ಹೆಚ್ಚಿನವರು ಎಡವುವುದು ಇಲ್ಲೇ.

‘ಸೆಲ್ಯುಲಾರ್’ ಸಾಲೇ ಇಲ್ಲವಾ? ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್‌ಗಳಲ್ಲಿ ‘ಮೊಬೈಲ್ ಬ್ರಾಡ್‌ಬ್ಯಾಂಡ್’ ಅಥವಾ ಫೈಬೋಕಾಮ್, ಕ್ವೆಕ್ಟೆಲ್ ಥರದ ಮೋಡೆಮ್ ಕಂಪನಿಯ ಹೆಸರು ಇದೆಯಾ ನೋಡಿ. ಡ್ರೈವರ್ ಹೋಗಿದ್ದರೂ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಶುರುವಾಗುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಮೋಡೆಮ್ ಆಫ್ ಆಗಿದ್ದರೂ ಹೀಗಾಗುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿದವರು ಇದನ್ನು ತಪ್ಪದೆ ನೋಡಿ.

ಇನ್ನು ನಂಬರ್ ವಿಷಯ. ನಮಗೆ ಬೇಕಾದದ್ದು ಇಐಡಿ, 32 ಅಂಕಿ, 89ರಿಂದ ಶುರುವಾಗುತ್ತದೆ. 15 ಅಂಕಿಯ ಐಎಂಇಐ ಕಳಿಸಬೇಡಿ. ಐಎಂಇಐ ಮೋಡೆಮ್‌ನ ಗುರುತು, ಇಐಡಿ ಇ-ಸಿಮ್ ಚಿಪ್‌ನ ಗುರುತು. ಐಎಂಇಐ ಇದ್ದು ಇಐಡಿ ಇಲ್ಲದ ಲ್ಯಾಪ್‌ಟಾಪ್‌ಗಳು ಬೇಕಾದಷ್ಟಿವೆ. ಅವಕ್ಕೆ ಪ್ಲಾಸ್ಟಿಕ್ ಸಿಮ್ಮೇ ಗತಿ, ಅದನ್ನು ಕೊಡುವುದನ್ನು ನಾವು ನಿಲ್ಲಿಸುತ್ತಿಲ್ಲ. 32 ಅಂಕಿ ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ, ಕಾಪಿ ಮಾಡಿ ಕಳಿಸಿ. ಸ್ಕ್ರೀನ್‌ಶಾಟ್ ಆದರೂ ಸರಿ. ಆದರೆ ನಮಗೆ ಮಾತ್ರ ಕಳಿಸಿ, ಗ್ರೂಪ್‌ಗಳಲ್ಲಿ ಹಾಕಬೇಡಿ.

ಮ್ಯಾಕ್‌ಬುಕ್ ಇರುವವರು ಹುಡುಕಿ ಸುಸ್ತಾಗುವುದು ಬೇಡ. ಈವರೆಗೆ ಬಂದ ಯಾವ ಮ್ಯಾಕ್‌ಬುಕ್‌ನಲ್ಲೂ ಸೆಲ್ಯುಲಾರ್ ಮೋಡೆಮ್ ಇಲ್ಲ. ಫೋನ್‌ನ ಹಾಟ್‌ಸ್ಪಾಟ್ ಸಾಕು. ದಿನವಿಡೀ ಬೇಕು ಅನ್ನುವವರು ಸಿಮ್ ಹಾಕುವ ಪುಟ್ಟ ರೌಟರ್ ಇಟ್ಟುಕೊಳ್ಳಿ. ನಮ್ಮನ್ನು ಕೇಳಿದರೆ ಲ್ಯಾಪ್‌ಟಾಪ್ ಬದಲಾಯಿಸುವುದಕ್ಕಿಂತ ಅದೇ ವಾಸಿ.

ಈಗಾಗಲೇ ನಮ್ಮ ಇ-ಸಿಮ್ ಬಳಸುತ್ತಿರುವವರು ಏನೂ ಕಳಿಸಬೇಕಾಗಿಲ್ಲ. ಲ್ಯಾಪ್‌ಟಾಪ್ ಬದಲಾಯಿಸುವಾಗ ಮಾತ್ರ ಹೊಸದರ ಇಐಡಿ ಕೊಡಿ. ಹೊಸದು ಸಿದ್ಧವಾಗುವ ತನಕ ಹಳೆಯದರಿಂದ ಪ್ರೊಫೈಲ್ ಡಿಲೀಟ್ ಮಾಡಬೇಡಿ. ಏನಾದರೂ ಗೊತ್ತಾಗದಿದ್ದರೆ ‘ಸೆಲ್ಯುಲಾರ್’ ಪುಟದ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇವೆ.

ಇಂತಿ,
ಗ್ರಾಹಕ ಸೇವಾ ವಿಭಾಗ